ಅಟ್ಟದ ಮೇಲಿನ ವಿಡಿಯೋ ಗೇಮ್ ಕೆಟ್ಟಿಲ್ಲ, ಅದರ ಪಿನ್ನುಗಳು ಕೊಳೆಯಾಗಿವೆ

ಹಳೇ ಬಾಗಲಕೋಟೆಯಿಂದ ನವನಗರಕ್ಕೆ ಸಾಮಾನು ಸಾಗಿಸಿದ ಟ್ರಂಕಿನಲ್ಲೋ ವಿಜಯಪುರದ ಹಳೆಯ ಮನೆಯ ಅಟ್ಟದಲ್ಲೋ ಬೆಳಗಾವಿಯ ಶಹಾಪುರದ ಯಾವುದೋ ಕಪಾಟಿನ ತಳದಲ್ಲೋ ಆ ಡಬ್ಬಿ ಇನ್ನೂ ಇರುತ್ತದೆ. ಎರಡು ರಿಮೋಟು, ಒಂದು ಪ್ಲಾಸ್ಟಿಕ್ ಬಂದೂಕು, ‘9999 ಇನ್ 1’ ಎಂದು ಬರೆದ ಹಳದಿ ಕ್ಯಾಸೆಟ್ಟು. ಹಚ್ಚಿದರೆ ಟಿವಿಯಲ್ಲಿ ಬರೀ ಬೂದು ಪರದೆ. ಅಷ್ಟಕ್ಕೇ ಕೆಟ್ಟಿತೆಂದು ಗುಜರಿಗೆ ಹಾಕಿಬಿಡುತ್ತಾರೆ. ಆದರೆ ಒಳಗಿನ ಚಿಪ್ಪು ಸಾಯುವುದು ಅಪರೂಪ. ಸಾಮಾನ್ಯವಾಗಿ ಕೈಕೊಡುವುದು ಕರೆಂಟು, ಪಿನ್ನು ಮತ್ತು ಟಿವಿಯ ಜೋಡಣೆ. ಈ ಮೂರನ್ನೂ ಮನೆಯಲ್ಲೇ ನೋಡಿಕೊಳ್ಳಬಹುದು.

ನಮ್ಮಲ್ಲಿ ಟಿವಿ ಗೇಮ್ ಎಂದು ಮಾರಾಟವಾದ ಹೆಚ್ಚಿನ ಡಬ್ಬಿಗಳು ಜಪಾನಿನಲ್ಲಿ 1983ರ ಜುಲೈನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲುಗಳು. ಅವುಗಳ ಕ್ಯಾಸೆಟ್ಟಿಗೆ 60 ಪಿನ್ನು, ಒಂದೊಂದು ಬದಿಗೆ 30. ಅದೇ ಯಂತ್ರದ ಅಮೆರಿಕದ ರೂಪವಾಗಿ 1985ರಲ್ಲಿ ಬಂದ ಎನ್ಇಎಸ್ ಕ್ಯಾಸೆಟ್ಟಿಗೆ 72 ಪಿನ್ನು, ಹಾಗಾಗಿ ಅದು ಇದರಲ್ಲಿ ಕೂರುವುದಿಲ್ಲ. ಆನ್‌ಲೈನ್‌ನಲ್ಲಿ ಕ್ಯಾಸೆಟ್ ತರಿಸುವವರು ಮೊದಲು ಪಿನ್ನು ಎಣಿಸಿಕೊಳ್ಳಿ.

ಬೇಕಾಗುವ ಸಾಮಾನು

ಐಸೊಪ್ರೊಪೈಲ್ ಆಲ್ಕೊಹಾಲ್ 100 ಮಿ.ಲೀ. ಸಾಕು. ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಐಪಿಎ ಎಂದರೆ ಕೊಡುತ್ತಾರೆ. ಬಾಟಲಿಯ ಮೇಲೆ 99% ಎಂದು ಇರಲಿ. ಕಿವಿಗೆ ಹಾಕುವ ಹತ್ತಿಕಡ್ಡಿ, ಬಿಳಿ ಪೆನ್ಸಿಲ್ ರಬ್ಬರು, ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಒಂದು ಸಾದಾ ಮಲ್ಟಿಮೀಟರ್. ಬೆಸುಗೆ ಬಲ್ಲವರಾದರೆ 25 ವ್ಯಾಟಿನ ಐರನ್, ಸೋಲ್ಡರ್ ತಂತಿ ಮತ್ತು ಫ್ಲಕ್ಸ್.

ಐಪಿಎ ಸಿಗಲಿಲ್ಲವೆಂದು ಸ್ಯಾನಿಟೈಸರ್ ಹಚ್ಚಬೇಡಿ. ಅದರಲ್ಲಿ ನೀರು, ಗ್ಲಿಸರಿನ್ ಇರುತ್ತವೆ. ಪಿನ್ನಿನ ಮೇಲೆ ಜಿಗುಟು ಉಳಿದು ಧೂಳನ್ನು ಹಿಡಿಯುತ್ತದೆ. ಪೆಟ್ರೋಲು, ಸೀಮೆಎಣ್ಣೆ ಬೇಡವೇ ಬೇಡ. ಮರಳು ಕಾಗದವೂ ಬೇಡ: ಪಿನ್ನಿನ ಮೇಲಿನ ತೆಳ್ಳನೆಯ ಲೇಪ ಕಿತ್ತು ಒಳಗಿನ ತಾಮ್ರ ಬಯಲಾದರೆ ಒಂದೇ ಮಳೆಗಾಲಕ್ಕೆ ಕಪ್ಪಾಗುತ್ತದೆ.

ಮೊದಲು ಅಡಾಪ್ಟರ್, ಆಮೇಲೆ ಉಳಿದದ್ದು

ಸಿಕ್ಕ ಕೂಡಲೇ ಪ್ಲಗ್ಗಿಗೆ ಹಾಕುವುದೇ ದೊಡ್ಡ ತಪ್ಪು. ಹಳೆಯ ಅಡಾಪ್ಟರ್ ಕಳೆದಿದ್ದರೆ ಮನೆಯಲ್ಲಿರುವ ರೌಟರಿನ ಅಡಾಪ್ಟರನ್ನೇ ಸಿಕ್ಕಿಸುತ್ತಾರೆ, ಪಿನ್ನು ಎಷ್ಟೋ ಸಲ ಸರಿಯಾಗಿಯೇ ಕೂರುತ್ತದೆ. ಆದರೆ ರೌಟರಿನದು ಸಾಮಾನ್ಯವಾಗಿ 12 ವೋಲ್ಟು, ಈ ಡಬ್ಬಿಗಳಿಗೆ ಬೇಕಾದದ್ದು 9 ವೋಲ್ಟು ಡಿಸಿ. ಒಳಗೆ 7805 ಎಂಬ ಮೂರು ಕಾಲಿನ ರೆಗ್ಯುಲೇಟರ್ ಬಂದದ್ದನ್ನು 5 ವೋಲ್ಟಿಗೆ ಇಳಿಸುತ್ತದೆ. ಮಿಕ್ಕದ್ದೆಲ್ಲ ಬಿಸಿಯಾಗಿ ಹೋಗುತ್ತದೆ. ಯಂತ್ರ 300 ಮಿಲಿಆಂಪ್ ಎಳೆದರೆ 9 ವೋಲ್ಟಿನಲ್ಲಿ 1.2 ವ್ಯಾಟು ಬಿಸಿ, 12 ವೋಲ್ಟಿನಲ್ಲಿ 2.1 ವ್ಯಾಟು. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಳಗೆ, ಆ ವ್ಯತ್ಯಾಸ ಸಣ್ಣದಲ್ಲ. ಅರ್ಧ ಗಂಟೆ ಆಡಿದ ಮೇಲೆ ಆಟ ತಾನಾಗಿಯೇ ನಿಲ್ಲುತ್ತಿದ್ದರೆ ಕಾರಣ ಬಹುತೇಕ ಇದೇ. 9 ವೋಲ್ಟು, 500 ಮಿಲಿಆಂಪಿನಿಂದ 1 ಆಂಪಿನ ಅಡಾಪ್ಟರ್ ಕೊಳ್ಳಿ. ಆಂಪು ಹೆಚ್ಚಿದ್ದರೆ ತೊಂದರೆಯಿಲ್ಲ, ವೋಲ್ಟು ಹೆಚ್ಚಿರಬಾರದು.

ಅಡಾಪ್ಟರ್ ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಎಂಬುದು ಇನ್ನೂ ಮುಖ್ಯ. ನಕಲು ಡಬ್ಬಿಗಳಲ್ಲಿ ಎರಡೂ ಬಗೆ ಇವೆ. ಜಾಕಿನ ಹತ್ತಿರ ಗುರುತು ಅಚ್ಚಾಗಿದ್ದರೆ ಸರಿ, ಇಲ್ಲದಿದ್ದರೆ ಡಬ್ಬಿ ಬಿಚ್ಚಿ. ಮಲ್ಟಿಮೀಟರನ್ನು ಬೀಪ್ ಸ್ಥಾನಕ್ಕಿಟ್ಟು ಒಂದು ಕಡ್ಡಿಯನ್ನು 7805ರ ನಡುವಿನ ಕಾಲಿಗೆ ಹಿಡಿಯಿರಿ, ಅದು ಗ್ರೌಂಡ್. ಇನ್ನೊಂದನ್ನು ಜಾಕಿನ ಹೊರ ಪಟ್ಟಿಗೆ ಮುಟ್ಟಿಸಿದಾಗ ಬೀಪ್ ಬಂದರೆ ನಡುವಿನದು ಪ್ಲಸ್. ನಡುವಿನ ಕಡ್ಡಿಗೆ ಬೀಪ್ ಬಂದರೆ ಅದು ಮೈನಸ್. ಎರಡಕ್ಕೂ ಬಾರದಿದ್ದರೆ ದಾರಿಯಲ್ಲಿ ಡಯೋಡ್ ಇದೆ ಅಥವಾ ಎಲ್ಲೋ ತುಂಡಾಗಿದೆ, ಆಗ ಬಲ್ಲವರಿಗೆ ತೋರಿಸಿ. ಅಸಲಿ ಫ್ಯಾಮಿಕಾಮ್‌ಗೆ ಬೇಕಾದದ್ದು 10 ವೋಲ್ಟು ಡಿಸಿ, ನಡುವೆ ಮೈನಸ್. ಅಮೆರಿಕದ ಎನ್ಇಎಸ್ ಜೊತೆ ಬರುವ ಅಡಾಪ್ಟರ್ ಡಿಸಿ ಅಲ್ಲ, 9 ವೋಲ್ಟು ಎಸಿ. ಅದನ್ನು ಫ್ಯಾಮಿಕಾಮ್‌ಗೆ ಹಾಕಿದರೆ ಯಂತ್ರ ಸುಟ್ಟಿತೆಂದೇ ತಿಳಿಯಿರಿ.

ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಭಾರದ ಅಡಾಪ್ಟರನ್ನು ಬರಿದಾಗಿ ಅಳೆದರೆ 9ರ ಬದಲು 12–13 ವೋಲ್ಟು ತೋರಿಸುವುದು ಸಹಜ, ಗಾಬರಿ ಬೇಡ. ಯಂತ್ರ ಹಚ್ಚಿದ ಮೇಲೆ 7805ರ ಮೂರನೇ ಕಾಲಿನಲ್ಲಿ 4.75ರಿಂದ 5.25 ವೋಲ್ಟಿನೊಳಗೆ ಬರಬೇಕು. ಅದೂ ಸರಿಯಿದ್ದು ಟಿವಿಯಲ್ಲಿ ಅಡ್ಡ ಪಟ್ಟೆಗಳು ತೇಲುತ್ತ, ಗುಂಯ್ ಎಂಬ ಸದ್ದು ಬಂದರೆ ಜಾಕಿನ ಹತ್ತಿರದ ದೊಡ್ಡ ಕೆಪಾಸಿಟರ್ ಒಣಗಿದೆ. ಅದರ ಮೇಲೆ ಬರೆದಷ್ಟೇ ಮೈಕ್ರೊಫ್ಯಾರಡಿನದು, ಅಷ್ಟೇ ಅಥವಾ ಹೆಚ್ಚಿನ ವೋಲ್ಟಿನದು ತಂದು, ಬಿಳಿ ಪಟ್ಟೆಯ ಮೈನಸ್ ಬದಿ ನೋಡಿ ಹಾಕಿ.

ಕ್ಯಾಸೆಟ್ಟನ್ನು ಊದಬೇಡಿ

ಊದಿದರೆ ಆಟ ಬರುತ್ತದೆ ಎಂದು ಒಂದು ಪೀಳಿಗೆಯೇ ನಂಬಿತ್ತು. ಬರುತ್ತಿದ್ದದ್ದು ಕ್ಯಾಸೆಟ್ಟನ್ನು ತೆಗೆದು ಮತ್ತೆ ಹಾಕಿದ್ದರಿಂದ, ಪಿನ್ನುಗಳು ಉಜ್ಜಿಕೊಂಡದ್ದರಿಂದ. ಉಸಿರಿನ ತೇವ ಮಾತ್ರ ಒಳಗೇ ಉಳಿದು ಹಸಿರು ಕಿಲುಬು ಹಿಡಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಬೆಳಗಾವಿಯಲ್ಲಂತೂ ಕಿಲುಬಿಗೆ ಬೇರೆ ನೆಪ ಬೇಕಿಲ್ಲ.

ಕ್ಯಾಸೆಟ್ಟಿನ ಹಿಂದಿನ ಸ್ಕ್ರೂ ಬಿಚ್ಚಿ. ಸ್ಕ್ರೂ ಇಲ್ಲದಿದ್ದರೆ ಅಂಚಿನಲ್ಲಿ ಉಗುರು ಹಾಕಿ ನಿಧಾನ ಬಿಡಿಸಿ. ಒಳಗೆ ಹಸಿರು ಹಲಗೆ, ಅದರ ಮೇಲೆ ಡಾಂಬರಿನ ಬೊಟ್ಟಿನಂಥ ಕರಿ ಗುಡ್ಡೆ ಕಾಣುತ್ತದೆ. ಆಟವೆಲ್ಲ ಇರುವುದು ಆ ಬೊಟ್ಟಿನೊಳಗೆ, ಅದನ್ನು ಮುಟ್ಟಬೇಡಿ. ಪಿನ್ನುಗಳನ್ನು ರಬ್ಬರಿನಿಂದ ಮೇಲಿಂದ ಕೆಳಕ್ಕೆ ಹತ್ತು ಸಲ ತಿಕ್ಕಿ, ಪುಡಿ ಝಾಡಿಸಿ, ಐಪಿಎಯಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಕಡ್ಡಿ ಕಪ್ಪಾದರೆ ಹೊಸದು ತೆಗೆದುಕೊಳ್ಳಿ, ಬೆಳ್ಳಗೆ ಬರುವವರೆಗೆ ಮುಂದುವರಿಸಿ. ಐದು ನಿಮಿಷ ಆರಲಿ.

ಡಬ್ಬಿಯ ಬಾಯಿಗೂ ಇದೇ ಉಪಚಾರ. ಹಳೆಯ ಎಟಿಎಂ ಕಾರ್ಡಿಗೆ ತೆಳ್ಳನೆಯ ಹತ್ತಿ ಅರಿವೆ ಸುತ್ತಿ, ಐಪಿಎ ಹನಿಸಿ, ಹತ್ತು ಸಲ ನೇರವಾಗಿ ಇಳಿಸಿ ತೆಗೆಯಿರಿ. ಅಡ್ಡಡ್ಡ ಆಡಿಸಿದರೆ ಒಳಗಿನ ಸ್ಪ್ರಿಂಗ್ ಪಿನ್ನು ಬಾಗುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ಡಬ್ಬಿಗಳಲ್ಲಿ ಕಿಲುಬಿಗಿಂತ ನುಣ್ಣನೆಯ ಮಣ್ಣೇ ಹೆಚ್ಚು. ಅಂಥದ್ದನ್ನು ಮೊದಲು ಒಣ ಬ್ರಷ್ಷಿನಿಂದ ತೆಗೆಯಿರಿ; ನೇರವಾಗಿ ಐಪಿಎ ಹಾಕಿದರೆ ರಾಡಿಯಾಗಿ ಒಳಗಿಳಿಯುತ್ತದೆ.

ಪರದೆಯೇ ರೋಗ ಹೇಳುತ್ತದೆ. ಬೂದು ಅಥವಾ ಒಂದೇ ಬಣ್ಣ ತುಂಬಿಕೊಂಡು ನಿಂತರೆ ಆಟದ ಸೂಚನೆಗಳು ಚಿಪ್ಪಿಗೆ ತಲುಪುತ್ತಿಲ್ಲ. ಮೆನು ಓಡಾಡುತ್ತದೆ, ಸಂಗೀತ ಬರುತ್ತದೆ, ಆದರೆ ಅಕ್ಷರ, ಗೊಂಬೆಗಳೆಲ್ಲ ಚೂರುಚೂರು ಎಂದಾದರೆ ಚಿತ್ರದ ಪಿನ್ನುಗಳಲ್ಲಿ ದೋಷ. ಚಿತ್ರವೆಲ್ಲ ಸರಿಯಿದ್ದು ಸದ್ದೇ ಇಲ್ಲವೇ? ಫ್ಯಾಮಿಕಾಮ್‌ನಲ್ಲಿ ಸದ್ದು 45ನೇ ಪಿನ್ನಿನಿಂದ ಕ್ಯಾಸೆಟ್ಟಿಗೆ ಹೋಗಿ 46ನೇ ಪಿನ್ನಿನಿಂದ ಮರಳಿ ಬರುತ್ತದೆ, ಸಾದಾ ಕ್ಯಾಸೆಟ್ಟಿನಲ್ಲಿ ಆ ಎರಡನ್ನೂ ನೇರ ಜೋಡಿಸಿರುತ್ತಾರೆ. ಇದೇ ಏರ್ಪಾಟಿರುವ ನಕಲುಗಳಲ್ಲಿ ಆ ಎರಡು ಪಿನ್ನಿನ ಕೊಳೆ ಹೋದರೆ ಸದ್ದು ಮರಳುತ್ತದೆ. ಎಷ್ಟು ಒರೆಸಿದರೂ ಕ್ಯಾಸೆಟ್ಟನ್ನು ವಾರೆ ಒತ್ತಿ ಹಿಡಿದಾಗ ಮಾತ್ರ ಆಟ ಬರುತ್ತಿದ್ದರೆ ಬಾಯಿಯ ಕೆಳಗಿನ ಬೆಸುಗೆ ಬಿರಿದಿದೆ. ಫ್ಲಕ್ಸ್ ಹಚ್ಚಿ 60 ಕಾಲುಗಳಿಗೂ ಎರಡೆರಡು ಸೆಕೆಂಡು ಐರನ್ ಮುಟ್ಟಿಸಿದರೆ ಸಾಕು.

ಟಿವಿಗೆ ಜೋಡಿಸುವಾಗ

ಡಬ್ಬಿಯಲ್ಲಿ ಎವಿ ತೂತುಗಳಿದ್ದರೆ ಆಂಟೆನಾ ತಂತಿಯ ಗೋಜು ಬೇಡ. ಹಳದಿ ಚಿತ್ರಕ್ಕೆ, ಬಿಳಿ ಸದ್ದಿಗೆ. ಕೆಂಪು ಖಾಲಿ ಉಳಿಯುತ್ತದೆ. ಈಗಿನ ಕೆಲವು ಟಿವಿಗಳಲ್ಲಿ ಮೂರು ತೂತಿನ ಬದಲು ಹೆಡ್‌ಫೋನಿನಂಥ ಒಂದೇ ತೂತಿರುತ್ತದೆ. ಅದಕ್ಕೆ ಟಿವಿ ಕಂಪನಿಯದೇ ತಂತಿ ಹಾಕಿ, ಯಾಕೆಂದರೆ ಪಿನ್ನಿನ ಮೇಲಿನ ಉಂಗುರಗಳ ಸರದಿ ಎಲ್ಲ ತಂತಿಗಳಲ್ಲೂ ಒಂದೇ ಅಲ್ಲ. ಎವಿ ಇಲ್ಲದ ಟಿವಿಗೆ ಪರಿವರ್ತಕ ಬೇಕು. ಕೇಳುವಾಗ ‘ಎವಿಯಿಂದ ಎಚ್‌ಡಿಎಂಐಗೆ’ ಎಂದೇ ಕೇಳಿ. ಉಲ್ಟಾ ಕೆಲಸ ಮಾಡುವ ಡಬ್ಬಿಯೂ ನೋಡಲು ಹಾಗೆಯೇ ಇರುತ್ತದೆ.

ಆಂಟೆನಾ ತಂತಿಯೊಂದೇ ಗತಿ ಎಂದಾದರೆ ಟಿವಿಯಲ್ಲಿ ಅನಲಾಗ್ ಹುಡುಕಾಟಕ್ಕೆ ಹಚ್ಚಿ, ಡಬ್ಬಿ ಚಾಲೂ ಇಟ್ಟುಕೊಂಡು. ಚಿತ್ರ ಬಂದು ಸದ್ದಿನ ಬದಲು ಬುಸ್ಸೆಂದರೆ ಸೌಂಡ್ ಸಿಸ್ಟಮನ್ನು ಬಿಜಿ, ಡಿಕೆ, ಐ ಎಂದು ಬದಲಿಸುತ್ತ ನೋಡಿ. ಜಪಾನಿನಿಂದ ತರಿಸಿದ ಅಸಲಿ ಯಂತ್ರ ಕಪ್ಪುಬಿಳುಪಾಗಿ ಕಂಡರೆ ಕಲರ್ ಸಿಸ್ಟಮನ್ನು ಪಾಲ್‌ನಿಂದ ಎನ್‌ಟಿಎಸ್‌ಸಿಗೆ ಬದಲಿಸಿ. ಚಿತ್ರದ ಅಳತೆ 4:3 ಇರಲಿ, ಗೇಮ್ ಮೋಡ್ ಹಚ್ಚಿರಲಿ. ಇಲ್ಲವಾದರೆ ಗುಂಡಿ ಒತ್ತಿದ ಮೇಲೆ ಮಾರಿಯೋ ತಡವಾಗಿ ಹಾರುತ್ತಾನೆ.

ನಮ್ಮ ಟಿವಿಗಳ ಪಾಲ್ ಬಗೆಗೆ ಹೊಂದಿಸಿದ ನಕಲು ಡಬ್ಬಿ ಸೆಕೆಂಡಿಗೆ 50 ಚಿತ್ರ ಬಿಡಿಸುತ್ತದೆ, ಅಸಲಿ ಯಂತ್ರ 60. ಹಾಗಾಗಿ ಆಟ ಆರರಲ್ಲಿ ಒಂದು ಪಾಲು ನಿಧಾನ. ಇದರಲ್ಲಿ ಬೆಳೆದವರಿಗೆ ಅಸಲಿ ಯಂತ್ರದ ಆಟ ಓಡೋಡಿ ಹೋದಂತೆ ಕಾಣುತ್ತದೆ, ಅದು ದೋಷವಲ್ಲ.

ಬಂದೂಕಿಗೆ ಮಾತ್ರ ಪಿಕ್ಚರ್ ಟ್ಯೂಬಿನ ಹಳೆಯ ಡಬ್ಬಾ ಟಿವಿಯೇ ಬೇಕು. ಬಾತುಕೋಳಿ ಹೊಡೆಯುವ ಆಟದಲ್ಲಿ ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮಿಂಚುತ್ತದೆ. ಬಂದೂಕಿನ ಮೂತಿಯೊಳಗಿನ ಕಣ್ಣು ಆ ಬೆಳಕನ್ನು ನೋಡುತ್ತದೆ. ಎಲ್‌ಇಡಿ ಟಿವಿಯಲ್ಲಿ ಆ ಚೌಕ ತಡವಾಗಿ ಬರುತ್ತದೆ, ಪಿಕ್ಚರ್ ಟ್ಯೂಬಿನ ಮಿಣುಕೂ ಇರುವುದಿಲ್ಲ. ಬಂದೂಕು ಕೆಟ್ಟಿದೆ ಎಂದು ಬಿಚ್ಚಿ ಹಾಳು ಮಾಡಬೇಡಿ. ಡಬ್ಬಾ ಟಿವಿ ಸಿಕ್ಕರೆ ಅದರ ಹಿಂಬದಿಯನ್ನೂ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಟ್ಯೂಬಿನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜು ಉಳಿದಿರಬಹುದು.

ರಿಮೋಟಿನ ಗುಂಡಿ ಒತ್ತಿದರೂ ಕೇಳದಿದ್ದರೆ ಒಳಗಿನ ರಬ್ಬರಿನ ಕರಿ ಚುಕ್ಕೆಗಳನ್ನೂ ಹಲಗೆಯ ಪಟ್ಟಿಗಳನ್ನೂ ಹಗುರವಾಗಿ ಒರೆಸಿ. ಇಡೀ ರಿಮೋಟೇ ಸತ್ತಿದ್ದರೆ ತಂತಿ ಒಳಹೋಗುವ ಕುತ್ತಿಗೆಯಲ್ಲಿ ತುಂಡಾಗಿರುತ್ತದೆ. ಅಲ್ಲಿಂದ 10 ಸೆಂ.ಮೀ. ಕತ್ತರಿಸಿ ಐದೂ ಎಳೆಗಳನ್ನು ಮತ್ತೆ ಬೆಸೆಯಿರಿ. ಮೊದಲು ಬಣ್ಣಗಳ ಫೋಟೊ ತೆಗೆದಿಟ್ಟುಕೊಳ್ಳಿ. ಒಂದು ಡಬ್ಬಿಯ ಕೆಂಪು ಇನ್ನೊಂದರ ಕೆಂಪಲ್ಲ.

ಮೆನುವಿನ ಮುಂದಿನ ಪುಟಕ್ಕೆ ಹೋಗಿ

9999 ಎಂದು ಬರೆದಿದ್ದರೂ ಇರುವುದು ಕೆಲವೇ ಆಟ; ಅವೇ ಬೇರೆ ಹೆಸರಿನಲ್ಲಿ, ಬೇರೆ ಹಂತದಿಂದ ಶುರುವಾಗುತ್ತ ಮರಳಿ ಬರುತ್ತವೆ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡಿಯಾಗಿ 40 ಕಿಲೋಬೈಟು. ಹೆಚ್ಚಾಗಿ ಅದಕ್ಕೂ ಚಿಕ್ಕ, ಆ ಕಾಲದ ಆಟಗಳನ್ನೇ ಈ ಕ್ಯಾಸೆಟ್ಟುಗಳಿಗೆ ತುಂಬಿದ್ದರು. ಮಾರಿಯೋ, ಕಾಂಟ್ರಾ ಸಿಕ್ಕ ಮೇಲೆ ಅವನ್ನು ಯಾರೂ ಒತ್ತಿ ನೋಡಲಿಲ್ಲ. ನಿಜವಾದ ಸೊತ್ತು ಅಲ್ಲೇ ಇದೆ.

ಮೊದಲು ಬೈನರಿ ಲ್ಯಾಂಡ್ ಹುಡುಕಿ: ಹಡ್ಸನ್, 1985. ನಡುಗೋಡೆಯ ಆಚೀಚೆ ಎರಡು ಪೆಂಗ್ವಿನ್. ಒಂದು ಎಡಕ್ಕೆ ಹೋದರೆ ಇನ್ನೊಂದು ಬಲಕ್ಕೆ, ಕನ್ನಡಿಯಲ್ಲಿ ಕಂಡ ಹಾಗೆ. ಎರಡೂ ಒಟ್ಟಿಗೇ ಮೇಲಿನ ಹೃದಯದ ಗೂಡಿಗೆ ಮುಟ್ಟಬೇಕು, ದಾರಿಯಲ್ಲಿ ಜೇಡರ ಬಲೆ. ಒಂದನ್ನು ಗೋಡೆಗೆ ಒತ್ತಿ ನಿಲ್ಲಿಸಿ ಇನ್ನೊಂದನ್ನು ನಡೆಸುವುದೇ ಇದರ ಕೀಲಿಕೈ. ಇದು ಹೊಳೆದ ಕೂಡಲೇ ಆಟದ ಮುಖವೇ ಬದಲಾಗುತ್ತದೆ. ಅದೇ ಕಂಪನಿಯ 1984ರ ನಟ್ಸ್ ಅಂಡ್ ಮಿಲ್ಕ್ ಫ್ಯಾಮಿಕಾಮ್‌ಗೆ ಹೊರಗಿನವರು ಮಾಡಿದ ಮೊದಲ ಆಟಗಳಲ್ಲೊಂದು. ಮಿಲ್ಕ್ ಎಂಬವನು ಹಣ್ಣೆಲ್ಲ ಆರಿಸಿ ಯೋಗರ್ಟ್ ಎಂಬವಳ ಮನೆ ಸೇರಬೇಕು, ಬೆನ್ನಟ್ಟುವವನು ನಟ್ಸ್.

ಬ್ಯಾಟಲ್ ಸಿಟಿ, ಅಂದರೆ ಟ್ಯಾಂಕಿನ ಆಟ, ಎಲ್ಲರಿಗೂ ಗೊತ್ತು. ಆದರೆ ಮೂರನೇ ಸಾಲಿನ ಕನ್‌ಸ್ಟ್ರಕ್ಷನ್ ಒತ್ತಿದವರು ಕಡಿಮೆ. 13×13 ಚೌಕಗಳ ಬಯಲಿನಲ್ಲಿ ಎ ಗುಂಡಿ ಒತ್ತುತ್ತ ಹೋದಂತೆ ಇಟ್ಟಿಗೆ, ಉಕ್ಕು, ನೀರು, ಗಿಡ ಸರದಿಯಲ್ಲಿ ಬರುತ್ತವೆ. ಎರಡು ಬದಿಗೆ ಉಕ್ಕಿನ ಮಿನಾರು, ನಡುವೆ ಇಟ್ಟಿಗೆಯ ಗುಮ್ಮಟ ಎಂದು ಗೋಳಗುಮ್ಮಟವನ್ನೇ ಕಟ್ಟಿ, ಸ್ಟಾರ್ಟ್ ಒತ್ತಿ, ಇಬ್ಬರೂ ಕೂಡಿ ಕಾಯಬಹುದು. ಕರೆಂಟು ಹೋದರೆ ನಕ್ಷೆಯೂ ಹೋಗುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಬೈಕ್ ರೇಸಿನ ಆಟವಾದ ಎಕ್ಸೈಟ್‌ಬೈಕ್‌ನ ಡಿಸೈನ್ ವಿಭಾಗದಲ್ಲಿ ಸೇವ್ ಎಂಬ ಸಾಲು ಇದ್ದರೂ ಅದು ಕೆಲಸ ಮಾಡುವುದಿಲ್ಲ, ಯಾಕೆಂದರೆ ಅದು ಜಪಾನಿನಲ್ಲಷ್ಟೇ ಮಾರಿದ ಟೇಪ್ ರೆಕಾರ್ಡರಿಗಾಗಿ ಇಟ್ಟದ್ದು.

ಕ್ಯಾಸೆಟ್ಟಿನಾಚೆ ಒಂದನ್ನು ಹುಡುಕುವುದಾದರೆ ಸನ್‌ಸಾಫ್ಟ್ ಕಂಪನಿಯ ಗಿಮಿಕ್ ಹುಡುಕಿ. 1992ರ ಜನವರಿಯಲ್ಲಿ ಜಪಾನಿನಲ್ಲಿ ಬಂದಾಗ ನಿಂಟೆಂಡೊದ ಮುಂದಿನ ಯಂತ್ರ ಸೂಪರ್ ಫ್ಯಾಮಿಕಾಮ್ ಬಂದು ವರ್ಷ ದಾಟಿತ್ತು, ಜನ ಹೊಸದರ ಕಡೆ ತಿರುಗಿದ್ದರು. ಅದರ ಕ್ಯಾಸೆಟ್ಟಿನೊಳಗೇ ಸಂಗೀತಕ್ಕೆಂದು ಮೂರು ಹೆಚ್ಚಿನ ಧ್ವನಿಗಳ ಚಿಪ್ಪಿದೆ. ಆ ಧ್ವನಿ ಹೊರಬರುವುದು ಮೇಲೆ ಹೇಳಿದ 46ನೇ ಪಿನ್ನಿನಿಂದಲೇ. ಆ ದಾರಿ ಇಲ್ಲದ ನಕಲು ಡಬ್ಬಿಯಲ್ಲಿ ಅದರ ಸಂಗೀತ ಅರೆಬರೆ ಕೇಳುತ್ತದೆ. 2023ರಲ್ಲಿ ಹೊಸ ಯಂತ್ರಗಳಿಗೂ ಬಿಡುಗಡೆಯಾಗಿದೆ.

ಪ್ಲೇಸ್ಟೇಷನ್ 2 ಇದ್ದವರು ಹಳೆ ಡಿಸ್ಕುಗಳ ರಾಶಿಯಲ್ಲಿ ಹೈದರಾಬಾದಿನಲ್ಲಿ ತಯಾರಾದ ಎರಡು ಆಟ ಹುಡುಕಬಹುದು: 2009ರ ಹನುಮಾನ್ ಬಾಯ್ ವಾರಿಯರ್, ಮತ್ತು ಕಬಡ್ಡಿ, ಚಿನ್ನಿದಾಂಡು ಇರುವ ದೇಸಿ ಅಡ್ಡಾ. ಮೊದಲನೆಯದು ಆಡಲು ಒರಟು, ಎರಡನೆಯದು ನಾಲ್ಕು ಜನ ಕೂತಾಗ ಒಪ್ಪುತ್ತದೆ. ಡಿಸ್ಕ್ ಓದದಿದ್ದರೆ ಲೆನ್ಸಿನ ಮೇಲೆ ಐಪಿಎ ತಾಕಿಸಿದ ಹತ್ತಿಕಡ್ಡಿಯನ್ನು ಒತ್ತದೆ ಒಂದು ಸುತ್ತು ಆಡಿಸಿ.

ಎತ್ತಿಡುವಾಗ ಕ್ಯಾಸೆಟ್ಟನ್ನು ಡಬ್ಬಿಯ ಬಾಯಲ್ಲೇ ಬಿಡಬೇಡಿ, ಸ್ಪ್ರಿಂಗ್ ಪಿನ್ನು ಹಿಗ್ಗಿ ಸಡಿಲಾಗುತ್ತವೆ. ಬಾಯಿಗೆ ಒಂದು ಮಡಿಕೆ ಕಾಗದ ಮುಚ್ಚಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ಸಿಲಿಕಾ ಪೊಟ್ಟಣ ಹಾಕಿಡಿ. ತಂತಿಯನ್ನು ರಿಮೋಟಿಗೇ ಬಿಗಿದು ಸುತ್ತದೆ, ಅಂಗೈಯಗಲದ ಸಡಿಲ ಸುರುಳಿ ಮಾಡಿ.