ಹನ್ನೊಂದು ಕರೆಗಳಲ್ಲಿ ನಾಲ್ಕು

ಶಿವಮೊಗ್ಗದಲ್ಲಿ ವಕೀಲಿ ಶುರುಮಾಡಿ ಹತ್ತೊಂಬತ್ತು ವರ್ಷವಾಯಿತು. ಮೊದಮೊದಲು ಡೈವೋರ್ಸ್ ಕೇಸಿಗೆ ಬರುವವರು ಲಗ್ನಪತ್ರಿಕೆ, ಫೋಟೋ ಆಲ್ಬಂ, ಒಡವೆ ಅಂಗಡಿಯ ರಸೀದಿ ತರುತ್ತಿದ್ದರು. ಈಗ ಕುರ್ಚಿಯಲ್ಲಿ ಕೂರುವ ಮೊದಲೇ ಮೊಬೈಲು ಮೇಜಿನ ಮೇಲೆ ಬಂದುಬಿಡುತ್ತದೆ. ‘ಎಲ್ಲಾ ಇದ್ರಲ್ಲೇ ಇದೆ ಮೇಡಂ.’

2025ರ ಆರಂಭದಲ್ಲಿ ತಾಯಿಯ ಜೊತೆ ಬಂದ ಹೆಣ್ಣುಮಗಳೂ ಹಾಗೇ ಹೇಳಿದಳು. ಗುರುತು ಸಿಗಬಾರದೆಂದು ಊರು, ಕೆಲಸ ಬರೆಯುವುದಿಲ್ಲ. ಗಂಡ ಬೇರೆ ಊರಿನಲ್ಲಿ ಕೆಲಸದಲ್ಲಿದ್ದ. ರಾತ್ರಿ ಫೋನ್ ಮಾಡಿ ಬೈಯುವುದು, ತವರಿನಿಂದ ದುಡ್ಡು ತಾ ಅನ್ನುವುದು, ಮಗುವನ್ನು ಕಿತ್ತುಕೊಂಡು ಹೋಗುತ್ತೇನೆ ಎಂದು ಹೆದರಿಸುವುದು. ಕರೆಗಳು ತಾವಾಗಿಯೇ ರೆಕಾರ್ಡ್ ಆಗುವಂತೆ ಇವಳು ತನ್ನ ಫೋನಿನಲ್ಲಿ ಇಟ್ಟುಕೊಂಡಿದ್ದಳು. ಹನ್ನೊಂದು ಕರೆಗಳಿದ್ದವು. ಅಷ್ಟೇ ಆಗಿರಲಿಲ್ಲ. ಗಂಡ ಊರಿಗೆ ಬಂದಿದ್ದಾಗ, ನಿದ್ದೆಯಲ್ಲಿದ್ದವನ ಹೆಬ್ಬೆರಳು ಒತ್ತಿಸಿ ಅವನ ಫೋನ್ ತೆರೆದು, ಇನ್ನೊಬ್ಬ ಹೆಂಗಸಿನ ಜೊತೆಗಿನ ಮೆಸೇಜುಗಳ ಫೋಟೋ ತೆಗೆದಿದ್ದಳು. ಅವುಗಳ ನಡುವೆ ಆ ಹೆಂಗಸು ಕಳಿಸಿದ್ದ ಎರಡು ಖಾಸಗಿ ಚಿತ್ರಗಳೂ ಇದ್ದವು.

ಒಂದು ಬಿಳಿ ಹಾಳೆ ತೆಗೆದುಕೊಂಡು ಮೂರು ಕಾಲಂ ಎಳೆದೆ. ನಿನ್ನ ಫೋನಿನಲ್ಲಿ, ನೀನೇ ಆಡಿದ ಮಾತು ಮೊದಲನೆಯದು. ಗಂಡನ ಫೋನಿನಿಂದ ಅವನಿಗೆ ಗೊತ್ತಿಲ್ಲದೆ ತೆಗೆದದ್ದು ಎರಡನೆಯದು. ಈ ಕೇಸಿನಲ್ಲಿ ಇಲ್ಲದೇ ಇರುವವರದ್ದು ಮೂರನೆಯದು. ಹಲವು ವರ್ಷಗಳಿಂದ ನಾನು ಕೆಲಸ ಶುರುಮಾಡುವುದು ಹೀಗೆಯೇ.

ಮೂರನೆಯದನ್ನು ಅಲ್ಲೇ ಹೊಡೆದುಹಾಕಿದೆ. ಅವಳಿಗೆ ಸಿಟ್ಟು ಬಂತು. ‘ಅವಳ ಮಾನ ಹೋಗ್ಲಿ ಅಂತಾನೇ ತಂದಿದ್ದು ಮೇಡಂ.’ ‘ನಿನಗೆ ಬೇಕಾಗಿರೋದು ಡಿಕ್ರಿ ಕಣಮ್ಮಾ. ಅದಕ್ಕೆ ಕ್ರೌರ್ಯ ಸಾಬೀತಾದರೆ ಸಾಕು, ಅವಳ ಚಿತ್ರ ಯಾಕೆ?’ ಎಂದೆ. ಅಂಥ ಚಿತ್ರ ಇನ್ನೊಬ್ಬರಿಗೆ ದಾಟಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್ನಿನಲ್ಲಿ ಇವಳೇ ಆರೋಪಿಯಾಗಬಹುದು. ಕೇಸಿನಲ್ಲಿಲ್ಲದವರ ಖಾಸಗಿತನದ ಬಗ್ಗೆ ನಮ್ಮ ಹೈಕೋರ್ಟು 2022ರಲ್ಲೇ ಸ್ಪಷ್ಟವಾಗಿ ಹೇಳಿದೆ. ಹೆಂಡತಿಗೆ ಅನೈತಿಕ ಸಂಬಂಧವಿದೆ ಎಂದು ತೋರಿಸಲು ಗಂಡನೊಬ್ಬ ಮೂರನೇ ವ್ಯಕ್ತಿಯ ಮೊಬೈಲ್ ಟವರ್ ವಿವರ ತರಿಸಲು ಹೊರಟಿದ್ದ. ಕೌಟುಂಬಿಕ ನ್ಯಾಯಾಲಯ ಒಪ್ಪಿತ್ತು, ಹೈಕೋರ್ಟು ರದ್ದು ಮಾಡಿತು.

ಎರಡನೆಯ ಕಾಲಮ್ಮಿನ ಬಗ್ಗೆ ಒಂದು ವಾರ ಯೋಚಿಸಿದೆ. ಹೆಬ್ಬೆರಳು ಒತ್ತಿಸಿ ತೆರೆದದ್ದು ಅವನ ಅನುಮತಿಯಿಂದಲ್ಲ. ಅವನು ಪೊಲೀಸರಿಗೆ ದೂರು ಕೊಟ್ಟರೆ ಡೈವೋರ್ಸ್ ಕೇಸಿನ ಪಕ್ಕದಲ್ಲಿ ಕ್ರಿಮಿನಲ್ ಕೇಸೊಂದು ಕೂರುತ್ತದೆ. ಕರೆಗಳಲ್ಲೇ ಬೇಕಾದಷ್ಟಿದೆ ಅನ್ನಿಸಿ ಅದನ್ನೂ ಕೈಬಿಟ್ಟೆ. ಗಂಡನ ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ ಕದ್ದು ತರುವವರಿಗೂ ನಾನು ಹೇಳುವುದು ಇಷ್ಟೇ: ಬೇಡ. ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಪೂರ್ತಿ ವಿವರವನ್ನು ಅಫಿಡವಿಟ್ಟಿನಲ್ಲಿ ಕೊಡಬೇಕೆಂದು 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬಚ್ಚಿಟ್ಟರೆ ನ್ಯಾಯಾಲಯದಿಂದಲೇ ದಾಖಲೆ ತರಿಸಲು ಅರ್ಜಿ ಹಾಕಬಹುದು.

ಉಳಿದದ್ದು ಹನ್ನೊಂದು ಕರೆಗಳು. ಇಲ್ಲಿ ನನ್ನ ಹಳೆಯ ತಪ್ಪೊಂದನ್ನು ಹೇಳಬೇಕು. 2018ರಲ್ಲಿ ಒಬ್ಬ ಕಕ್ಷಿದಾರಳ ವಾಟ್ಸಾಪ್ ಮೆಸೇಜುಗಳನ್ನು ಪ್ರಿಂಟ್ ತೆಗೆಸಿ ಫೈಲಿಗೆ ಸೇರಿಸಿ ಸುಮ್ಮನಾಗಿದ್ದೆ. ಫೋನ್ ಜೋಪಾನ ಎಂದು ನಾನು ಹೇಳಲಿಲ್ಲ, ಅವಳು ದಸರಾ ಆಫರಿನಲ್ಲಿ ಹಳೆಯದನ್ನು ಕೊಟ್ಟು ಹೊಸದು ತಂದಿದ್ದಳು. ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡಬೇಕಾದ, ಆಗಿನ ಸಾಕ್ಷ್ಯ ಕಾಯ್ದೆಯ 65ಬಿ ಸರ್ಟಿಫಿಕೇಟನ್ನೂ ನಾನು ಸಕಾಲದಲ್ಲಿ ಹಾಕಿರಲಿಲ್ಲ. ಪ್ರಿಂಟುಗಳು ಎದುರು ಪಕ್ಷದ ತಕರಾರಿಗೆ ಒಳಪಟ್ಟು ಸಾಕ್ಷ್ಯವಾಗಿ ಗುರುತಾದವು, ಆದರೆ ತೀರ್ಪಿನಲ್ಲಿ ಅವಕ್ಕೆ ಬೆಲೆ ಸಿಗಲಿಲ್ಲ. ಅವಳು ಅನುಭವಿಸಿದ್ದು ನಿಜವಾಗಿತ್ತು. ಅದು ಕಾಗದದಲ್ಲಿ ನಿಲ್ಲದೇ ಹೋದದ್ದು ನನ್ನಿಂದ. ಆ ಹೆಣ್ಣುಮಗಳ ಮುಖ ಇವತ್ತಿಗೂ ಮರೆತಿಲ್ಲ.

ಹಾಗಾಗಿ ಈ ಸಲ ಮೊದಲ ದಿನವೇ ಮೂರು ಮಾತು ಹೇಳಿ ಕಳಿಸಿದೆ. ಫೋನ್ ಮಾರಬೇಡ, ರಿಪೇರಿಗೂ ಕೊಡಬೇಡ. ಯಾವ ಫೈಲನ್ನೂ ಕತ್ತರಿಸಬೇಡ, ಹೆಸರು ಕೂಡ ಬದಲಿಸಬೇಡ. ನನಗೆ ವಾಟ್ಸಾಪ್ ಮಾಡಬೇಡ, ಫೋನನ್ನೇ ತಗೊಂಡು ಬಾ, ಕೇಬಲ್ ಹಾಕಿ ನಕಲು ತೆಗೆಯೋಣ.

ಎರಡು ಭಾನುವಾರ ಹೆಡ್‌ಫೋನ್ ಹಾಕಿಕೊಂಡು ಹನ್ನೊಂದನ್ನೂ ಕೇಳಿದೆ. ಏಳನೆಯದು ನಲವತ್ತೇಳು ನಿಮಿಷದ್ದು. ಅವನು ಆಡಿದ ಅತಿ ಕೆಟ್ಟ ಮಾತುಗಳು ಅದರಲ್ಲೇ ಇದ್ದವು. ಇಪ್ಪತ್ತನೇ ನಿಮಿಷದ ಆಸುಪಾಸಿನಲ್ಲಿ ಹಿಂದಿನಿಂದ ಮಗುವಿನ ದನಿ ಬರುತ್ತದೆ: ‘ಅಮ್ಮಾ, ಫೋನ್ ಇಡು.’ ಸ್ವಲ್ಪ ಹೊತ್ತಿಗೆ ಮತ್ತೆ, ‘ಇಡಮ್ಮಾ.’ ಅವಳಿಗೆ ಆ ರೆಕಾರ್ಡಿಂಗ್ ಹಾಕಲೇಬೇಕಿತ್ತು. ನಾನು ಹಾಕಲಿಲ್ಲ. ಒಂದು ಕರೆಯನ್ನು ಸಾಕ್ಷ್ಯ ಮಾಡಿದರೆ ಅದು ಇಡಿಯಾಗಿ ಹೋಗಬೇಕು, ಬೇಕಾದ ಎರಡು ನಿಮಿಷ ಕತ್ತರಿಸಿ ಕೊಡುವಂತಿಲ್ಲ. ಆರು ವರ್ಷದ ಮಗುವಿನ ದನಿ ನ್ಯಾಯಾಲಯದ ಫೈಲಿನಲ್ಲಿ ಕೂರುತ್ತದೆ. ಪಾಟೀ ಸವಾಲಿನಲ್ಲಿ ‘ಮಗುವಿನ ಎದುರು ಜಗಳ ಮುಂದುವರಿಸಿದವರು ನೀವೇ ಅಲ್ಲವೇ’ ಎಂದು ಅವಳನ್ನೇ ಕೇಳುತ್ತಾರೆ. ಉಳಿದವುಗಳಲ್ಲಿ ಬೆದರಿಕೆ ಸ್ಪಷ್ಟವಾಗಿದ್ದ, ಮಗು ಇಲ್ಲದ ನಾಲ್ಕನ್ನು ಆರಿಸಿದೆ. ಒಂದರಲ್ಲಿ ಇವಳೂ ಅತ್ತೆಯ ಬಗ್ಗೆ ಕೆಟ್ಟದಾಗಿ ಮಾತಾಡಿದ್ದಳು. ಅದನ್ನು ಮುಚ್ಚಿಡದೆ ಮುಖ್ಯ ವಿಚಾರಣೆಯ ಅಫಿಡವಿಟ್ಟಿನಲ್ಲೇ ಬರೆಸಿದೆ.

ಆಮೇಲೆ ಮಾತುಗಳನ್ನು ಬರಹಕ್ಕೆ ಇಳಿಸುವ ಕೆಲಸ. ಅದನ್ನು ನನ್ನ ಜೂನಿಯರ್ ಹುಡುಗನಿಗೆ ಕೊಟ್ಟಿದ್ದೆ. ಪಾಪ, ಶ್ರದ್ಧೆಯಿಂದ ಎಲ್ಲವನ್ನೂ ಶುದ್ಧ ಗ್ರಾಂಥಿಕ ಕನ್ನಡಕ್ಕೆ ತಿದ್ದಿ ತಂದಿದ್ದ. ಗಂಡ ಹೇಳಿದ್ದು, ‘ನಿಮ್ಮಪ್ಪನ್ನೂ ಸೇರ್ಸಿ ನೋಡ್ಕೋತೀನಿ.’ ಹಾಳೆಯಲ್ಲಿ ಇದ್ದದ್ದು, ‘ನಿಮ್ಮ ತಂದೆಯನ್ನೂ ಸೇರಿಸಿ ನೋಡಿಕೊಳ್ಳುತ್ತೇನೆ.’ ಓದಿದವರಿಗೆ ಮಾವನನ್ನು ಸಾಕುವ ಅಳಿಯ ಕಾಣುತ್ತಾನೆ! ಇಡೀ ಪ್ರತಿಯನ್ನು ಮತ್ತೆ ಟೈಪ್ ಮಾಡಿಸಿದೆ. ಆಡಿದ್ದು ಆಡಿದ ಹಾಗೆಯೇ ಇರಬೇಕು, ಬೈಗುಳವೂ, ಉಗ್ಗೂ, ನಡುವಿನ ಮೌನವೂ. ಪಕ್ಕದಲ್ಲಿ ನಿಮಿಷ, ಸೆಕೆಂಡು.

ಸರ್ಟಿಫಿಕೇಟು ಈಗ ಹಳೆಯ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ. 2024ರ ಜುಲೈ 1ರಿಂದ ಜಾರಿಯಲ್ಲಿದೆ, ನಮೂನೆಯೂ ಬದಲಾಗಿದೆ. ಎ ಭಾಗಕ್ಕೆ ಸಾಕ್ಷ್ಯ ಹಾಜರುಪಡಿಸುವವರು, ಬಿ ಭಾಗಕ್ಕೆ ತಜ್ಞರು ಸಹಿ ಹಾಕಬೇಕು. ಫೋನಿನ ಕಂಪನಿ, ಮಾಡೆಲ್, ಬಣ್ಣ, ಐಎಂಇಐ ನಂಬರಿನ ಜೊತೆಗೆ ಫೈಲಿನ ಹ್ಯಾಶ್ ಮೌಲ್ಯವನ್ನೂ ತುಂಬಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಎಂದಿಟ್ಟುಕೊಳ್ಳಿ, ಒಂದು ಸೆಕೆಂಡ್ ಕತ್ತರಿಸಿದರೂ ಬದಲಾಗಿಬಿಡುತ್ತದೆ. ಎಸ್‌ಎಚ್‌ಎ 256 ಪದ್ಧತಿಯಲ್ಲಿ ಬರುವ ಅರವತ್ತನಾಲ್ಕು ಅಕ್ಷರ, ಅಂಕಿಗಳನ್ನು ಒಂದೊಂದಾಗಿ ಬೆರಳಿಟ್ಟು ಹೋಲಿಸಿದ ಮೇಲೆಯೇ ಅವಳಿಂದ ಸಹಿ ಮಾಡಿಸಿದೆ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 14ನೇ ಸೆಕ್ಷನ್ ಇದೆಯಲ್ಲ, ಸಾಕ್ಷ್ಯ ಕಾಯ್ದೆಗೆ ಹೊಂದದಿದ್ದರೂ ವ್ಯಾಜ್ಯ ತೀರ್ಮಾನಕ್ಕೆ ನೆರವಾಗುವ ದಾಖಲೆಯನ್ನು ಸ್ವೀಕರಿಸಬಹುದಲ್ಲ ಎಂದು ಗೆಳೆಯರು ಕೇಳುತ್ತಾರೆ. ನಿಜ. ಆದರೆ ಸ್ವೀಕರಿಸುವುದೇ ಬೇರೆ, ನಂಬುವುದೇ ಬೇರೆ. ದನಿ ಯಾರದ್ದು, ತಿದ್ದಿದ್ದಾರೋ ಇಲ್ಲವೋ, ಮಾತು ವ್ಯಾಜ್ಯಕ್ಕೆ ಸಂಬಂಧಪಟ್ಟದ್ದೋ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಲೇಬೇಕು.

ನಿರೀಕ್ಷಿಸಿದ ತಕರಾರು ಬಂತು. ಎದುರು ವಕೀಲರು ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪು ಹಿಡಿದು ಖಾಸಗಿತನ ಮೂಲಭೂತ ಹಕ್ಕು ಎಂದರು. ಹೆಂಡತಿಯ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡುವುದು ಆ ಹಕ್ಕಿನ ಉಲ್ಲಂಘನೆ ಎಂದ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ 2021ರ ತೀರ್ಪನ್ನೂ ಕೊಟ್ಟರು. ವಾದಕ್ಕೆ ವಾಯಿದೆ ಬಿದ್ದಿದ್ದಾಗಲೇ, 2025ರ ಜುಲೈ 14ರಂದು, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಸತೀಶ್ ಚಂದ್ರ ಶರ್ಮಾ ಅವರ ಪೀಠ ಅದೇ 2021ರ ತೀರ್ಪನ್ನು ರದ್ದುಗೊಳಿಸಿತು. ದಂಪತಿಗಳ ನಡುವಿನ ಮಾತನ್ನು ಹೊರಗೆಡಹಬಾರದು ಎನ್ನುವ ಹಳೆಯ ಸಾಕ್ಷ್ಯ ಕಾಯ್ದೆಯ 122ನೇ ಸೆಕ್ಷನ್ನಿನಲ್ಲಿಯೇ, ಗಂಡಹೆಂಡಿರ ಮಧ್ಯದ ವ್ಯಾಜ್ಯಕ್ಕೆ ವಿನಾಯಿತಿಯಿದೆ. ಗುಟ್ಟಾಗಿ ರೆಕಾರ್ಡ್ ಮಾಡುವ ಮಟ್ಟಕ್ಕೆ ಬಂದರೆ ಅದು ಆಗಲೇ ಮುರಿದ ಸಂಸಾರದ ಲಕ್ಷಣ ಎಂದೂ ಪೀಠ ಹೇಳಿತು. ನಮ್ಮ ನಾಲ್ಕೂ ಕರೆಗಳು ಗುರುತಾದವು.

ಆ ತೀರ್ಪು ಬಂದಾಗಿನಿಂದ ‘ಹಾಗಾದ್ರೆ ಏನು ಬೇಕಾದ್ರೂ ರೆಕಾರ್ಡ್ ಮಾಡಬಹುದಲ್ವಾ’ ಎಂದು ಕೇಳಿಕೊಂಡು ಬರುವವರು ಹೆಚ್ಚಾಗಿದ್ದಾರೆ. ಮಲಗುವ ಕೋಣೆಯಲ್ಲಿ ಕ್ಯಾಮೆರಾ, ಫೋನಿನಲ್ಲಿ ಗೂಢಚಾರಿ ಆಪ್, ಕಾರಿನಡಿ ಜಿಪಿಎಸ್ ಎಂದು ಏನೇನೋ ಹೇಳುತ್ತಾರೆ. ನ್ಯಾಯಾಲಯ ಸ್ವೀಕರಿಸಿತೆಂದ ಮಾತ್ರಕ್ಕೆ ತೆಗೆದವರ ಮೇಲೆ ಕ್ರಿಮಿನಲ್ ಕೇಸು ಬೀಳುವುದಿಲ್ಲ ಎಂದೇನಿಲ್ಲ. ಇದನ್ನು ಬಾಯಿಬಿಟ್ಟು ಹೇಳದ ವಕೀಲರ ಬಗ್ಗೆ ನನಗೆ ಬೇಸರವಿದೆ.

ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಈ ವಿಚಾರಣೆಗಳು ಮುಚ್ಚಿದ ಬಾಗಿಲಿನೊಳಗೆ ನಡೆಯಬೇಕು, ವಿವರ ಪ್ರಕಟಿಸುವಂತಿಲ್ಲ. ತಪ್ಪಿದರೆ ದಂಡ ಇವತ್ತಿಗೂ ಒಂದು ಸಾವಿರ ರೂಪಾಯಿವರೆಗೆ ಮಾತ್ರ. ಅದನ್ನು ನಂಬಿ ಕೂರಲಾಗದು ಎಂದು ಪೆನ್‌ಡ್ರೈವನ್ನು ಮೊಹರು ಮಾಡಿದ ಲಕೋಟೆಯಲ್ಲಿ ಕೊಟ್ಟು, ಪ್ರತಿಯನ್ನು ಎದುರು ವಕೀಲರಿಗಲ್ಲದೆ ಬೇರೆ ಯಾರಿಗೂ ಕೊಡಬಾರದೆಂದು ಮಧ್ಯಂತರ ಅರ್ಜಿ ಹಾಕಿದ್ದೆ.

ಪಾಟೀ ಸವಾಲಿಗೆ ಮೊದಲೇ ಗಂಡ ಮಧ್ಯಸ್ಥಿಕೆಗೆ ಒಪ್ಪಿದ. ತನ್ನ ದನಿಯನ್ನು ನ್ಯಾಯಾಧೀಶರ ಎದುರು ಕೇಳುವುದು ಅವನಿಗೆ ಬೇಕಿರಲಿಲ್ಲ ಎಂದು ನನ್ನ ಊಹೆ. ಅರ್ಜಿ ಅದೇ ವಿವಾಹ ಕಾಯ್ದೆಯ 13ಬಿ ಪ್ರಕಾರ ಪರಸ್ಪರ ಸಮ್ಮತಿಯ ಡೈವೋರ್ಸಿಗೆ ತಿರುಗಿತು. ಜೀವನಾಂಶ, ಮಗುವಿನ ಭೇಟಿಯ ದಿನಗಳ ಜೊತೆ ನಾನೊಂದು ಷರತ್ತು ಬರೆಸಿದೆ: ಇಬ್ಬರ ಬಳಿಯಿರುವ ಎಲ್ಲ ರೆಕಾರ್ಡಿಂಗ್, ಫೋಟೋ, ಮೆಸೇಜುಗಳನ್ನು ಡಿಕ್ರಿಯಾದ ಮೇಲೆ ಅಳಿಸತಕ್ಕದ್ದು, ಯಾರಿಗೂ ಕಳಿಸತಕ್ಕದ್ದಲ್ಲ.

ಡಿಕ್ರಿಯಾದ ಮೇಲೆ ದಾಖಲೆ ವಾಪಸಿಗೆ ಅರ್ಜಿ ಹಾಕಿ ಪೆನ್‌ಡ್ರೈವ್ ಬಿಡಿಸಿಕೊಂಡೆ. ಅವಳು ಆಫೀಸಿಗೆ ಬಂದು, ಮೊದಲು ತನ್ನ ಫೋನಿನಿಂದ ಹನ್ನೊಂದನ್ನೂ ನನ್ನೆದುರೇ ಅಳಿಸಿದಳು. ಏಳನೆಯದಕ್ಕೆ ಬಂದಾಗ ಬೆರಳು ಒಂದು ಕ್ಷಣ ನಿಂತಿತು, ಆಮೇಲೆ ಅದನ್ನೂ ಅಳಿಸಿದಳು.