ಕೀಮೋ ಮದ್ದಿಗೆ ಜಗ್ಗದ ಕೋಶಗಳು: ನನ್ನ ಅನುಭವ

ಡಾಕ್ಸೋರುಬಿಸಿನ್ ಎಂಬ ಕೀಮೋ ಮದ್ದಿಗೆ ಜಗ್ಗದ ಎಂಸಿಎಫ್-7 (ಲ್ಯಾಬಿನಲ್ಲಿ ಬೆಳೆಸುವ ಸ್ತನ ಕ್ಯಾನ್ಸರ್ ಕೋಶಗಳು) ಬೇಕಾದರೆ ಮದ್ದನ್ನು ಮೀಡಿಯಾದಲ್ಲಿ, ಅಂದರೆ ಕೋಶ ಬೆಳೆಯುವ ದ್ರವದಲ್ಲಿ, ಸದಾ ಇಟ್ಟು ಮೆಲ್ಲಮೆಲ್ಲ ಏರಿಸಬೇಕು, ಎಲ್ಲರ ವಾದ ಇದೇ. ನಾನು ಹಾಗೆ ಮಾಡಲಿಲ್ಲ. ಆಸ್ಪತ್ರೆಯಲ್ಲಿ ಕೀಮೋ ಕೊಡುವುದು ವಾರಗಟ್ಟಲೆ ಬಿಟ್ಟು ಬಿಟ್ಟು ಅಲ್ವಾ? ಕೆಲವು ಗಂಟೆ ಜೋರು ಮದ್ದು ಕೊಟ್ಟೆ, ತೊಳೆದೆ, ಫ್ಲಾಸ್ಕ್ ಮತ್ತೆ ತುಂಬುವವರೆಗೆ ಸುಮ್ನೆ ಬಿಟ್ಟೆ. ‘ಒಂದೋ ಎಲ್ಲ ಸಾಯ್ತವೆ, ಇಲ್ಲಾಂದ್ರೆ ಮೊದಲಿನ ಹಾಗೇ ಇರ್ತವೆ’ ಎಂದು ಜೊತೆಯವರು ನಕ್ಕರು.

ಮೊದಮೊದಲು ಆದದ್ದೂ ಹಾಗೇ. ಅಲ್ಲೊಂದು ಇಲ್ಲೊಂದು ಕೋಶ ಉಳಿಯುತ್ತಿತ್ತು. ಅದೂ ನೀರುದೋಸೆಯಂತೆ ಹರಡಿಕೊಂಡು, ಒಡೆದು ಎರಡಾಗುವ ಲಕ್ಷಣವೇ ಇಲ್ಲ. ಕಾಸರಗೋಡಿನ ಜುಲೈ ಮಳೆಗೆ ಕರೆಂಟು ಹೋಗಿ ಇನ್‌ಕ್ಯುಬೇಟರ್ ತಣ್ಣಗಾಯಿತು. ಒಂದು ಬ್ಯಾಚಿಗೆ ಫಂಗಸ್ ಹಿಡಿಯಿತು. ಮದ್ದಿನ ಖರ್ಚು ಏನೂ ಅಲ್ಲ, 50 ಮಿಲಿಗ್ರಾಂ ವಯಲ್ ಒಂದಿದ್ದರೆ ಇಡೀ ಪಿಎಚ್‌ಡಿ ಮುಗಿಯುತ್ತದೆ. ದುಡ್ಡು ನುಂಗುವುದು ಮೀಡಿಯಾಕ್ಕೆ ಸೇರಿಸುವ ಸೀರಮ್. ಅರ್ಧ ಲೀಟರಿಗೆ ಮೂವತ್ತು ಸಾವಿರದ ಆಸುಪಾಸು, ಅದೂ ಒಮ್ಮೆ ಕರಗಿ ಬಿಸಿಯಾಗಿ ಬಂತು. ಇನ್‌ಕ್ಯುಬೇಟರಿಗೆ ಬೇಕಾದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಮಂಗಳೂರಿನಿಂದ ತಲಪಾಡಿ ದಾಟಿ ಬರಬೇಕು. ಗ್ಯಾಸಿಗಿಂತ ಗಾಡಿ ಬಾಡಿಗೆಯೇ ಜಾಸ್ತಿ.

ಏಳೆಂಟು ತಿಂಗಳ ಹೊತ್ತಿಗೆ ಐಸಿ50 (ಕೋಶಗಳ ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸಲು ಬೇಕಾದ ಮದ್ದಿನ ಪ್ರಮಾಣ) ಅರ್ಧ ಮೈಕ್ರೋಮೋಲಾರ್‌ನಿಂದ ಐದರ ಹತ್ತಿರ ಬಂತು. ಹೆಚ್ಚುಕಮ್ಮಿ ಹತ್ತು ಪಟ್ಟು! ನಕ್ಕವರು ಎಂಟಿಟಿ (ಬದುಕಿದ ಕೋಶಗಳನ್ನು ಅಳೆಯುವ ಪರೀಕ್ಷೆ) ಮತ್ತೆ ಮತ್ತೆ ಮಾಡಿಸಿ ಆಮೇಲೆ ಒಪ್ಪಿದರು.

ನನಗೆ ಖುಷಿ ಕೊಟ್ಟದ್ದು ಮೈಕ್ರೋಸ್ಕೋಪ್. ಡಾಕ್ಸೋ ತಾನೇ ಕೆಂಪಗೆ ಹೊಳೆಯುತ್ತದಲ್ಲ, ಬೇರೆ ಬಣ್ಣ ಬೇಡ. ಹಳೇ ಕೋಶಗಳ ನ್ಯೂಕ್ಲಿಯಸ್ ಪೂರ್ತಿ ಕೆಂಪು. ನನ್ನವುಗಳಲ್ಲಿ ಅದು ಕಪ್ಪು, ಸುತ್ತ ಒಂದೆರಡು ಕೆಂಪು ಚುಕ್ಕೆ ಅಷ್ಟೆ. ಕೋಶದ ಪೊರೆಯಲ್ಲಿರುವ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪು ಒಳಗೆ ಬಂದ ಮದ್ದನ್ನು ಎತ್ತಿ ಹೊರಗೆ ಹಾಕುತ್ತಿತ್ತು. ಬಿಪಿಗೆ ಕೊಡುವ ವೆರಾಪಾಮಿಲ್ ಈ ಪಂಪನ್ನು ತಡೆಯುತ್ತದೆ. ಅದನ್ನು ಸ್ವಲ್ಪ ಸೇರಿಸಿದೆ, ನ್ಯೂಕ್ಲಿಯಸ್ ಮತ್ತೆ ಕೆಂಪಾಯಿತು. ರೋಗಿಗೆ ಅಷ್ಟು ಕೊಟ್ಟರೆ ಹೃದಯ ತಡೆಯೋದಿಲ್ಲ, ಆ ಮಾತು ಬೇರೆ.

ತಮಾಷೆಗೆ ಕೊಲ್ಚಿಸಿನ್ ಕೂಡ ಹಾಕಿ ನೋಡಿದೆ, ನಮ್ಮ ಬೇಲಿಗಳಲ್ಲಿ ಅರಳುವ ಅಗ್ನಿಶಿಖೆಯ ಗಡ್ಡೆಯ ವಿಷ. ಜನ್ಮದಲ್ಲಿ ಅದನ್ನು ಕಾಣದ ಕೋಶಗಳು ಅದಕ್ಕೂ ಜಗ್ಗಲಿಲ್ಲ. 1976ರಲ್ಲಿ ಜೂಲಿಯಾನೋ ಮತ್ತು ಲಿಂಗ್ ಎಂಬ ವಿಜ್ಞಾನಿಗಳು ಈ ಪಂಪನ್ನು ಗುರುತಿಸಿದ್ದೇ ಕೊಲ್ಚಿಸಿನ್‌ಗೆ ಜಗ್ಗದ ಹ್ಯಾಮ್‌ಸ್ಟರ್ ಕೋಶಗಳಲ್ಲಿ. ಸಿಸ್‌ಪ್ಲಾಟಿನ್ ಎಂಬ ಇನ್ನೊಂದು ಕೀಮೋ ಮದ್ದಿಗೆ ಮಾತ್ರ ಹಳೆಯವುಗಳಷ್ಟೇ ಬೇಗ ಸತ್ತವು. ಅದು ಈ ಪಂಪಿನ ಗಿರಾಕಿ ಅಲ್ಲ.

ತೊಳೆದ ಮೇಲೆ ಮೊದಲ ವಾರ ಮೀಡಿಯಾಕ್ಕೆ ಏನು ಸೇರಿಸಿದೆ ಅಂತ ಈಗ ಹೇಳೋದಿಲ್ಲ, ಪೇಪರ್ ಬರಲಿ. ನಿಮ್ಮಲ್ಲಿ ಹತ್ತು ಪಟ್ಟು ಬಂದರೆ ಕೂಡಲೇ ಫ್ರೀಜ್ ಮಾಡಿ. ಮದ್ದು ಕೊಡದೆ ಎರಡು ಮೂರು ತಿಂಗಳು ಬೆಳೆಸಿದ ನನ್ನ ಫ್ಲಾಸ್ಕ್ ನಾಲ್ಕು ಪಟ್ಟಿಗೆ ಇಳಿಯಿತು. ಲಿಕ್ವಿಡ್ ನೈಟ್ರೋಜನ್‌ಗೆ ಈಗಲೇ ದುಡ್ಡು ಎತ್ತಿಡಿ.