ಪಕ್ಕದ ಮನೆ ಬೆಕ್ಕು, ನಿಮ್ಮ ಪಾತಿ: ಮಾತು ಬಿಡದೆ ಬಗೆಹರಿಸುವುದು ಹೇಗೆ?

ಬೆಕ್ಕಿನ ವಿಷಯಕ್ಕೆ ಅಕ್ಕಪಕ್ಕದವರು ಜಗಳ ಆಡುವಾಗ ಎಲ್ಲವೂ ಉಲ್ಟಾ ನಡೆಯುತ್ತದೆ. ಮೊದಲು ಕೂಗಾಟ, ಆಮೇಲೆ ಮುಖ ತಿರುಗಿಸುವುದು, ಕೊನೆಗೆ ಯಾವತ್ತೋ ಒಂದು ದಿನ "ಅಷ್ಟಕ್ಕೂ ಅದು ಯಾರ ಮನೆ ಬೆಕ್ಕು?" ಅನ್ನುವ ಪ್ರಶ್ನೆ. ಗೋಡೆಯ ಆಚೆ ಈಚೆ ಯಾರದು ಅಂತ ಬೆಕ್ಕಿಗೆ ಗೊತ್ತಿಲ್ಲ. ಎಲ್ಲಿ ಮಣ್ಣು ಒಣಗಿ ಸಡಿಲವಾಗಿದೆ, ಎಲ್ಲಿ ಕೆದರಲು ಸುಲಭ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು. ನೀವು ಕಳೆ ಕಿತ್ತು, ಹದ ಮಾಡಿ, ಬೀಜ ಹಾಕಿದ ಪಾತಿ ಅದಕ್ಕೆ ಗಲೀಜು ಮಾಡಿ ಮುಚ್ಚಲು ಹೇಳಿ ಮಾಡಿಸಿದ ಜಾಗ. ಆ ಜಾಗ ಅದಕ್ಕೆ ಬೇಡವಾಗಬೇಕು, ತನ್ನ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಸಿಗಬೇಕು. ಅರ್ಧ ಕೆಲಸ ನಿಮ್ಮದು, ಅರ್ಧ ಬೆಕ್ಕು ಸಾಕಿದವರದು.

ಮೊದಲು ನೋಡಿ, ಆಮೇಲೆ ಮಾತಾಡಿ

ಕೆಲವು ದಿನ ಸುಮ್ನೆ ಗಮನಿಸಿ. ಬೆಕ್ಕುಗಳು ಹೆಚ್ಚು ಓಡಾಡುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ, ಆ ಹೊತ್ತಿಗೆ ಕಿಟಕಿ ಹತ್ತಿರ ನಿಂತರೆ ಸಾಕು. ಕಂಡರೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ, ದಿನಾಂಕ ಅದರಲ್ಲೇ ಉಳಿಯುತ್ತದೆ. ಒಂದೇ ಬಣ್ಣದ ಬೆಕ್ಕುಗಳು ಒಂದೇ ಬೀದಿಯಲ್ಲಿ ನಾಲ್ಕೈದು ಇರಬಹುದು, ಅದರಲ್ಲಿ ಅರ್ಧಕ್ಕೆ ಯಾರೂ ಯಜಮಾನರೇ ಇಲ್ಲದಿರಬಹುದು.

ಗಲೀಜನ್ನೂ ನೋಡಬೇಕು, ಬೇರೆ ದಾರಿ ಇಲ್ಲ. ಗುಂಡಿ ತೋಡಿ ಮುಚ್ಚಿದ್ದರೆ ಬೆಕ್ಕೇ ಇರಬೇಕು. ಮೇಲೆಯೇ ಬಿದ್ದಿದ್ದರೆ ನಾಯಿಯದ್ದೋ ಬೇರೆ ಪ್ರಾಣಿಯದ್ದೋ ಇರಬಹುದು, ಆದರೆ ಬೆಕ್ಕು ಕೂಡ ಕೆಲವೊಮ್ಮೆ ಮುಚ್ಚದೆ ಹೋಗುತ್ತದೆ. ಇನ್ನು ಗೋಡೆಗೆ, ಬಾಗಿಲಿಗೆ, ಕುಂಡಕ್ಕೆ ಚಿಮ್ಮಿಸಿದ ಮೂತ್ರದ ಕಟುವಾಸನೆ ಬರುತ್ತಿದ್ದರೆ ಅದು ಬೇರೆಯೇ ಸಮಸ್ಯೆ. ಅಲ್ಲಿ ಬೆಕ್ಕು "ಇದು ನನ್ನ ಜಾಗ" ಅಂತ ಗುರುತು ಹಾಕುತ್ತಿದೆ. ಅದಕ್ಕೆ ಮದ್ದು ನಿಮ್ಮ ಪಾತಿಯಲ್ಲಿಲ್ಲ, ಪಶುವೈದ್ಯರ ಹತ್ತಿರ ಇದೆ. ಮುಂದೆ ಹೇಳುತ್ತೇನೆ.

ಮಾತು ಹೇಗೆ ಶುರು ಮಾಡುವುದು

ಗಲೀಜು ಕಂಡ ಕೂಡಲೇ ಹೋಗಬೇಡಿ. ಅದನ್ನು ಕವರಿನಲ್ಲಿ ಹಾಕಿಕೊಂಡು ಹೋಗಿ ಅವರ ಮನೆ ಮುಂದೆ ಇಡುವವರೂ ಇದ್ದಾರೆ, ಹಾಗೆ ಮಾಡಿದ ಮೇಲೆ ಇನ್ನೇನು ಮಾತು ಉಳಿಯುತ್ತದೆ? ಅವರು ಆರಾಮಾಗಿರುವಾಗ, ಬೇರೆಯವರು ಇಲ್ಲದಾಗ, ಎದುರಾ ಎದುರು ಮಾತಾಡಿ. ಹತ್ತು ಜನ ಇರುವ ವಾಟ್ಸಾಪ್ ಗುಂಪಿನಲ್ಲಿ ಫೋಟೊ ಹಾಕಿದರೆ ಬೆಕ್ಕಿನ ವಿಷಯ ಹೋಗಿ ಮರ್ಯಾದೆಯ ವಿಷಯ ಆಗುತ್ತದೆ.

ಹೇಳುವುದು ಚಿಕ್ಕದಾಗಿರಲಿ. "ನಿಮ್ಮ ಬೆಕ್ಕು ನಮ್ಮ ತರಕಾರಿ ಪಾತಿಗೆ ದಿನಾ ಬಂದು ಹೋಗ್ತಿದೆ, ನಾನು ಮಣ್ಣಿಗೆ ಜಾಲರಿ ಹಾಕ್ತೀನಿ, ನೀವು ಮನೇಲಿ ಅದರ ಗಲೀಜಿಗೆ ಅಂತ ಒಂದು ಮರಳಿನ ಟ್ರೇ ಇಟ್ಟು ನೋಡ್ತೀರಾ?" ಇಷ್ಟೇ. ನೀವು ಏನು ಮಾಡುತ್ತೀರಿ ಅಂತ ಮೊದಲೇ ಹೇಳಿಬಿಟ್ಟರೆ ಅವರಿಗೆ ಇಲ್ಲ ಅನ್ನುವುದು ಕಷ್ಟ. "ಬೆಕ್ಕನ್ನು ಕಟ್ಟಿಹಾಕಿ" ಅಂದರೆ ಮಾತ್ರ ಸುಲಭವಾಗಿ ಇಲ್ಲ ಅಂತಾರೆ.

"ನಮ್ಮ ಬೆಕ್ಕು ಹಾಗೆ ಮಾಡಲ್ಲ" ಅನ್ನುವ ಉತ್ತರ ಬಂದೇ ಬರುತ್ತದೆ. ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ, ಅವರು ನೋಡಿಯೇ ಇರುವುದಿಲ್ಲ. "ಹಾಗಾದ್ರೆ ಅದು ಎಲ್ಲಿ ಹೋಗುತ್ತೆ?" ಅಂತ ಮೆಲ್ಲಗೆ ಕೇಳಿ. ಮನೆಯಲ್ಲಿ ಟ್ರೇ ಇಲ್ಲ, ಇದ್ದರೂ ದಿನವೂ ಖಾಲಿ ಅಂದರೆ ಉತ್ತರ ಅಲ್ಲೇ ಇದೆ ಅಲ್ವಾ.

ಪಾತಿಯ ಕೆಲಸ

ಜಾಸ್ತಿ ಫಲ ಸಿಗುವುದು ಇಲ್ಲೇ. ಪಕ್ಕದವರು ಒಪ್ಪದಿದ್ದರೂ ಇದನ್ನು ನೀವು ಮಾಡಬಹುದು.

ಮೊದಲು ಹಳೆಯ ವಾಸನೆ ತೆಗೆಯಿರಿ. ತನ್ನ ವಾಸನೆ ಇರುವ ಕಡೆಗೇ ಬೆಕ್ಕು ಮತ್ತೆ ಬರುತ್ತದೆ. ಕೈಗವಸು ಹಾಕಿಕೊಂಡು ಗಲೀಜಿನ ಜೊತೆ ಸುತ್ತಲಿನ ಮಣ್ಣನ್ನೂ ತೆಗೆದುಹಾಕಿ. ಗೋಡೆ, ನೆಲ, ಕಲ್ಲಿನ ಮೇಲಾದರೆ ಸಾಕುಪ್ರಾಣಿಗಳ ಮೂತ್ರಕ್ಕೆಂದೇ ಬರುವ ಕಿಣ್ವದ ಕ್ಲೀನರ್ ಬಳಸಿ. ಅಮೋನಿಯಾ ಇರುವ ದ್ರಾವಣ ಬೇಡ, ಅದರ ವಾಸನೆ ಮೂತ್ರದ ವಾಸನೆಯಂತೆಯೇ ಇದ್ದು ಬೆಕ್ಕನ್ನು ಕರೆಯುತ್ತದೆ. ಬ್ಲೀಚ್ ಕೂಡ ಬೇಡ, ಮೂತ್ರದ ಜೊತೆ ಸೇರಿದರೆ ಉಸಿರಿಗೆ ಕೆಟ್ಟ ಅನಿಲ ಹುಟ್ಟುತ್ತದೆ.

ಆಮೇಲೆ ಕೆದರಲು ಆಗದಂತೆ ಮಾಡಿ. ಕೋಳಿಗೂಡಿಗೆ ಹಾಕುವ ತಂತಿ ಜಾಲರಿಯನ್ನು ಪಾತಿಯ ಮೇಲೆ ಹಾಸಿ, ತೆಳುವಾಗಿ ಮಣ್ಣು ಮುಚ್ಚಿ, ಕತ್ತರಿಸಿದ ಚೂಪು ಅಂಚುಗಳನ್ನು ಕೆಳಗೆ ಮಡಚಿಬಿಡಿ. ಸಸಿಗಳು ತೂತಿನಿಂದ ಮೇಲೆ ಬರುತ್ತವೆ, ಬೆಕ್ಕಿನ ಪಂಜಕ್ಕೆ ಮಾತ್ರ ತಂತಿ ಸಿಗುತ್ತದೆ. ಜಾಲರಿ ಇಲ್ಲದಿದ್ದರೆ ಒರಟು ಜಲ್ಲಿಕಲ್ಲು ಹಾಸಬಹುದು, ಸವರಿದ ಮುಳ್ಳಿನ ಕೊಂಬೆ ಹರಡಬಹುದು, ಇಲ್ಲವೇ ಬೆಕ್ಕು ಕುಕ್ಕರುಗಾಲಲ್ಲಿ ಕೂರಲು ಜಾಗ ಸಿಗದಷ್ಟು ಹತ್ತಿರ ಹತ್ತಿರ ಕಡ್ಡಿ ನೆಡಬಹುದು. ಖಾಲಿ ಬಿಟ್ಟ ಮಣ್ಣೇ ಅದಕ್ಕೆ ಆಹ್ವಾನ, ಒತ್ತಾಗಿ ಗಿಡ ಬೆಳೆದ ಮೇಲೆ ಅರ್ಧ ತೊಂದರೆ ತಾನಾಗಿ ಹೋಗುತ್ತದೆ. ಒದ್ದೆ ಮಣ್ಣೂ ಬೆಕ್ಕಿಗೆ ಇಷ್ಟವಿಲ್ಲ, ಹಾಗಾಗಿ ಸಂಜೆ ನೀರು ಹಾಕುವುದೂ ಒಂದು ಉಪಾಯ.

ಕಿತ್ತಳೆ, ನಿಂಬೆ ಸಿಪ್ಪೆ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಆ ವಾಸನೆ ಬೆಕ್ಕಿಗೆ ಹಿಡಿಸಲ್ಲ ಅನ್ನುವುದು ನಿಜ, ಆದರೆ ಒಂದೆರಡು ದಿನಕ್ಕೆ ಒಣಗಿ ಹೋಗುತ್ತದೆ, ಅದೊಂದನ್ನೇ ನಂಬಿ ಕೂರಬೇಡಿ. ಹತ್ತಿರ ಬಂದರೆ ತಾನಾಗಿ ನೀರು ಚಿಮ್ಮುವ ಸೆನ್ಸರ್ ಸ್ಪ್ರಿಂಕ್ಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ನಮಗೆ ಕೇಳಿಸದ ಸದ್ದು ಮಾಡುವ ಯಂತ್ರಗಳಿಗೆ ಕೆಲವು ಬೆಕ್ಕು ಹೆದರುತ್ತವೆ, ಕೆಲವು ಅದರ ಪಕ್ಕದಲ್ಲೇ ಮಲಗುತ್ತವೆ.

ಮಾಡಲೇಬಾರದ್ದು: ನುಸಿಗುಳಿಗೆ, ಮೆಣಸಿನ ಪುಡಿ, ಕಾಫಿ ಗಸಿ, ಗಾಢವಾದ ಸುಗಂಧ ತೈಲ, ಇಲಿ ಪಾಷಾಣ. ನುಸಿಗುಳಿಗೆಯಲ್ಲಿರುವ ನಾಫ್ತಲೀನ್ ಬೆಕ್ಕಿಗೆ ವಿಷ, ಮಕ್ಕಳು ಬಾಯಿಗೆ ಹಾಕಿಕೊಂಡರೆ ಅವರಿಗೂ ವಿಷ. ಮೆಣಸಿನ ಪುಡಿ ಪಂಜಕ್ಕೆ ಅಂಟುತ್ತದೆ, ಬೆಕ್ಕು ಪಂಜ ನೆಕ್ಕಿ ಅದೇ ಪಂಜದಲ್ಲಿ ಮುಖ ಒರೆಸಿಕೊಳ್ಳುತ್ತದೆ, ಕಣ್ಣಿನ ಗತಿ ಏನಾಗಬೇಡ. ಪ್ರಾಣಿಗೆ ಹಿಂಸೆ ಕೊಡುವುದು ಬಹಳಷ್ಟು ದೇಶಗಳಲ್ಲಿ ಅಪರಾಧ, ಒಮ್ಮೆ ಹಾಗೆ ಮಾಡಿದರೆ ದೂರು ಕೊಡಬೇಕಿದ್ದ ನೀವೇ ಆರೋಪಿ ಆಗುತ್ತೀರಿ.

ಬೆಕ್ಕು ಸಾಕಿದವರಿಗೆ

ಬೆಕ್ಕುಗಳು ಎಷ್ಟಿವೆಯೋ ಅದಕ್ಕಿಂತ ಒಂದು ಟ್ರೇ ಜಾಸ್ತಿ ಇರಲಿ. ಟ್ರೇ ದೊಡ್ಡದಿರಬೇಕು, ಊಟದ ತಟ್ಟೆಯಿಂದ ದೂರ, ಸದ್ದಿಲ್ಲದ ಮೂಲೆಯಲ್ಲಿರಬೇಕು, ದಿನವೂ ಎತ್ತಿ ಚೊಕ್ಕ ಮಾಡಬೇಕು. ಪರಿಮಳದ ಲಿಟರ್ (ಟ್ರೇಗೆ ತುಂಬುವ ಮರಳಿನಂಥ ಪುಡಿ) ನಮ್ಮ ಮೂಗಿಗೆ ಹಿತ, ಎಷ್ಟೋ ಬೆಕ್ಕುಗಳಿಗೆ ಆಗಿಬರಲ್ಲ. ಹೊರಗೇ ಹೋಗಿ ಅಭ್ಯಾಸವಾದ ಬೆಕ್ಕಾದರೆ ನಿಮ್ಮದೇ ಅಂಗಳದ ಮೂಲೆಯಲ್ಲಿ ಸಡಿಲ ಮರಳು ತುಂಬಿದ ಗುಂಡಿ ಮಾಡಿ, ಅದರದೇ ಗಲೀಜು ಸ್ವಲ್ಪ ಹಾಕಿಡಿ. ಜಾಗ ಯಾವುದು ಅಂತ ಮೂಗು ಹೇಳುತ್ತದೆ.

ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಚಿಮ್ಮಿಸುವುದು, ರಾತ್ರಿಯ ಕಿರುಚಾಟ, ಬೇರೆ ಬೆಕ್ಕಿನ ಜೊತೆ ಕಚ್ಚಾಟ, ಇವು ಹೆಚ್ಚಿನ ಗಂಡು ಬೆಕ್ಕುಗಳಲ್ಲಿ ಇದರಿಂದ ಕಡಿಮೆಯಾಗುತ್ತವೆ. ಹೆಣ್ಣು ಬೆಕ್ಕು 4 ತಿಂಗಳಿಗೇ ಗಬ್ಬವಾಗಬಹುದು, ಆದ್ದರಿಂದ ತಡ ಮಾಡಬೇಡಿ. ಶಸ್ತ್ರಚಿಕಿತ್ಸೆ ಆದ ಮೇಲೂ ಚಿಮ್ಮಿಸುತ್ತಿದ್ದರೆ ಮೂತ್ರದ ಕಾಯಿಲೆ ಇರಬಹುದು, ತೋರಿಸಿ. ಸಂಜೆ ಒಂದೇ ಹೊತ್ತಿಗೆ ಊಟ ಹಾಕುವ ಅಭ್ಯಾಸ ಮಾಡಿದರೆ ಬೆಕ್ಕು ತಾನಾಗಿ ಬರುತ್ತದೆ, ಆಗ ಬಾಗಿಲು ಹಾಕಿ ಬೆಳಗಿನವರೆಗೆ ಒಳಗೇ ಇಟ್ಟುಕೊಳ್ಳಿ.

ಪಕ್ಕದವರ ದೂರು ಹಕ್ಕಿ ಹಿಡಿಯುವುದರ ಬಗ್ಗೆ ಇದ್ದರೆ, ಇಂಗ್ಲೆಂಡಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೆಲಸಕ್ಕೆ ಬರುತ್ತದೆ. ಮಾಂಸದ ಪ್ರೊಟೀನ್ ಹೆಚ್ಚಿರುವ ಆಹಾರ ಕೊಟ್ಟಾಗ ಬೆಕ್ಕುಗಳು ಮನೆಗೆ ತರುವ ಬೇಟೆ ಶೇ 36ರಷ್ಟು, ದಿನಕ್ಕೆ 5ರಿಂದ 10 ನಿಮಿಷ ಆಡಿಸಿದಾಗ ಶೇ 25ರಷ್ಟು ಇಳಿಯಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಕೇಳುವುದುಂಟು, ಆ ಅಧ್ಯಯನದಲ್ಲಿ ಕಟ್ಟಿದವರಿಗೂ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ.

ಕಾಯಿಲೆಯ ಭಯ ಎಷ್ಟು ನಿಜ?

ಸ್ವಲ್ಪ ನಿಜ. ಟಾಕ್ಸೊಪ್ಲಾಸ್ಮಾ ಅನ್ನುವ ಪರೋಪಜೀವಿ ಬೆಕ್ಕಿನ ಮಲದಲ್ಲಿ ಬರಬಹುದು. ಸಾಮಾನ್ಯವಾಗಿ ಬೆಕ್ಕು ಮೊದಲ ಸಲ ಸೋಂಕಾದಾಗ 1ರಿಂದ 3 ವಾರ ಮಾತ್ರ ಅದನ್ನು ಹೊರಹಾಕುತ್ತದೆ, ಆದರೆ ಮಣ್ಣಿನಲ್ಲಿ ಅದು ಎಷ್ಟೋ ತಿಂಗಳು ಬದುಕುತ್ತದೆ. ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಈ ಕೆಲಸ ಬೇರೆಯವರಿಗೆ ಬಿಡಲಿ. ಉಳಿದವರಿಗೆ ಕೈಗವಸು, ಸೋಪು, ಚೆನ್ನಾಗಿ ತೊಳೆದ ತರಕಾರಿ ಸಾಕು. ಬೆಕ್ಕಿನ ಮಲವನ್ನು ತರಕಾರಿ ಗೊಬ್ಬರದ ಗುಂಡಿಗೆ ಹಾಕಬೇಡಿ.

ಇಷ್ಟಾದರೂ ನಿಲ್ಲದಿದ್ದರೆ

ದಿನಾಂಕ, ಫೋಟೊ, ನೀವು ಏನೇನು ಮಾಡಿದಿರಿ ಅನ್ನುವುದನ್ನು ಬರೆದಿಟ್ಟು, ಇಬ್ಬರಿಗೂ ಬೇಕಾದ ಒಬ್ಬರನ್ನು ಮಧ್ಯೆ ಕೂರಿಸಿಕೊಂಡು ಮಾತಾಡಿ. ಬೆಕ್ಕು ಹೊರಗೆ ತಿರುಗುವುದರ ಬಗ್ಗೆ ಕಾನೂನು ಊರಿಂದ ಊರಿಗೆ ಬೇರೆ, ದೂರು ಕೊಡುವ ಮೊದಲು ಸ್ಥಳೀಯ ಆಡಳಿತದಲ್ಲಿ ವಿಚಾರಿಸಿ. ಬೆಕ್ಕನ್ನು ಹಿಡಿದು ದೂರ ಬಿಟ್ಟು ಬರುವ ಯೋಚನೆ ಬಿಡಿ. ಸಾಕಿದ ಬೆಕ್ಕಾದರೆ ಅದು ಕಳವಿಗೆ ಸಮ, ಬೀದಿ ಬೆಕ್ಕಾದರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಬೀದಿ ಬೆಕ್ಕಿಗೆ ಯಾರು ಊಟ ಹಾಕುತ್ತಿದ್ದಾರೆ ಅಂತ ಹುಡುಕಿ, ಅವರ ಜೊತೆ ಸೇರಿ ಶಸ್ತ್ರಚಿಕಿತ್ಸೆ ಮಾಡಿಸಿ ಅಲ್ಲೇ ಬಿಡುವುದು ಒಳ್ಳೆಯದು.

ಜಾಲರಿ ಹಾಕಿದ ಮೇಲೆ ಬೆಕ್ಕು ಸ್ವಲ್ಪ ದಿನ ಪಕ್ಕದ ಪಾತಿಗೋ ಕುಂಡಕ್ಕೋ ಜಾಗ ಬದಲಿಸಬಹುದು. ಅಲ್ಲಿಗೂ ಒಂದು ತುಂಡು ಹಾಕಿ.